ಮುಂದಿನ ಕಡ್ಡಿಯ ಕುಂಕುಮ

ನನ್ನ ಬಂದೂಕನ್ನು ಮೊದಲ ಸಲ ನೋಡಿದವರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ‘ಇದು ಖರೇನ ಬಂದೂಕೇನ್ರಿ?’ ಎರಡು, ‘ದುರ್ಬೀನು ಎಲ್ಲೈತಿ?’ ಮೊದಲನೆಯದಕ್ಕೆ ಲೈಸೆನ್ಸು ತೋರಿಸುತ್ತೇನೆ. ಎರಡನೆಯದಕ್ಕೆ ನನಗೆ ಸಿಟ್ಟು ಬರುತ್ತದೆ.

ಅದು ಪಾಯಿಂಟ್ ಟೂ ಟೂ ರೈಫಲ್, ರೈಫಲ್‌ಗಳಲ್ಲೇ ಅತ್ಯಂತ ಅಗ್ಗದ ಜಾತಿ. ಒಂದು ಸಲಕ್ಕೆ ಒಂದೇ ಗುಂಡು, ಅದೂ ಕಡಲೆಕಾಳಿನಷ್ಟು. ತೋಟೆಯ ಬುಡದ ಅಂಚಿಗೆ ಸೂಜಿಯ ಪೆಟ್ಟು ಬಿದ್ದರೆ ಸಿಡಿಯುತ್ತದೆ, ಅದಕ್ಕೇ ಇದನ್ನು ರಿಮ್‌ಫೈರ್ ಎನ್ನುತ್ತಾರೆ. ಸಪ್ಪಳವೂ ಅಷ್ಟಕ್ಕಷ್ಟೇ. ನಮ್ಮ ಓಣಿಯಲ್ಲಿ ದೀಪಾವಳಿಗೆ ಹಚ್ಚುವ ಪಟಾಕಿ ಇದಕ್ಕಿಂತ ಜೋರು. ಮಡಗಾಂವ ಕಡೆಯ ವಯಸ್ಸಾದ ಒಬ್ಬರು ಭುಜ ನೋವೆಂದು ಬಿಟ್ಟುಕೊಟ್ಟದ್ದನ್ನು ನಾನು ಕಾಗದಪತ್ರದ ಓಡಾಟ ಮುಗಿಸಿ ಮನೆಗೆ ತಂದು ಹನ್ನೆರಡು ವರ್ಷವಾಯಿತು. ಮರದ ಹಿಡಿಕೆಯಲ್ಲಿ ಒಂದು ಬಿರುಕಿದೆ. ನಳಿಕೆಯ ಕಪ್ಪು ಬಣ್ಣ ಅಲ್ಲಲ್ಲಿ ಬಿಳಿಚಿಕೊಂಡಿದೆ. ಆದರೂ ನೆಟ್ಟಗೆ ಹಿಡಿದರೆ ನೆಟ್ಟಗೆ ಹೊಡೆಯುತ್ತದೆ, ಮನುಷ್ಯರಲ್ಲಿ ಎಷ್ಟು ಮಂದಿಯ ಬಗ್ಗೆ ಹೀಗೆ ಹೇಳಬಹುದು?

ನಾನು ಧಾರವಾಡದವನು. ಕಾಲೇಜಿನಲ್ಲಿ ಖಾಕಿ ತೊಟ್ಟು ಪರೇಡು ಮಾಡುತ್ತಿದ್ದ ದಿನಗಳಲ್ಲಿ ಇಂಥದ್ದೇ ಒಂದು ಬಂದೂಕು ಹಿಡಿದು, ಹೊಟ್ಟೆಯ ಮೇಲೆ ಮಲಗಿ, ಐದು ಗುಂಡು ಹೊಡೆದಿದ್ದೆ. ಆ ಐದು ಗುಂಡಿನ ಗುಂಗು ತಲೆಯಲ್ಲಿ ಉಳಿದುಬಿಟ್ಟಿತು. ಆಮೇಲೆ ನೌಕರಿ ಗೋವೆಗೆ ಕರೆತಂದಿತು. ಬಂದರಿನ ಹಡಗುಗಳ ಕಾಗದಪತ್ರ ನೋಡುವ ಒಂದು ಕಚೇರಿಯಲ್ಲಿ ಕೆಲಸ, ಸಡಾ ಗುಡ್ಡದ ಮೇಲೆ ಮನೆ. ನಮ್ಮ ಓಣಿಯಲ್ಲಿ ವಿಜಯಪುರದವರು, ಬಾಗಲಕೋಟೆಯವರು, ಗದಗಿನವರು ಎಲ್ಲ ಇದ್ದಾರೆ. ನೀರಿನ ನಲ್ಲಿಯ ಹತ್ತಿರ ಜಗಳ ಮಾತ್ರ ಹಿಂದಿಯಲ್ಲಿ ನಡೆಯುತ್ತದೆ. ಹೊರಗಿನ ಕಟ್ಟೆಯ ಮೇಲೆ ಕೂತರೆ ಹಡಗುಗಳು ಕಾಣುತ್ತವೆ. ಮೂಡುಗಾಳಿ ಬೀಸುವಾಗಲೂ ಪಡುಗಾಳಿ ಬೀಸುವಾಗಲೂ ಉಪ್ಪು ಮನೆಯೊಳಗೆ ಬರುತ್ತದೆ. ಉಪ್ಪಿನಿಂದ ಕಬ್ಬಿಣವನ್ನು ಕಾಯುವುದೇ ನನ್ನ ಅರ್ಧ ಶೂಟಿಂಗು.

ಭಾನುವಾರ ಬೆಳಿಗ್ಗೆ ಬಂದೂಕನ್ನು ಉದ್ದನೆಯ ಚೀಲದಲ್ಲಿ ಹಾಕಿ, ಬೆನ್ನಿಗೆ ಕಟ್ಟಿಕೊಂಡು, ಸ್ಕೂಟರ್ ಹತ್ತಿ ಹೊರಡುತ್ತೇನೆ. ಗೋವೆಯಲ್ಲಿ ಬೆನ್ನ ಮೇಲೆ ಉದ್ದ ಚೀಲವಿದ್ದವನು ಗಿಟಾರು ಬಾರಿಸುವವನೇ ಎಂದು ಎಲ್ಲರ ನಂಬಿಕೆ. ಒಮ್ಮೆ ಪೆಟ್ರೋಲ್ ಪಂಪಿನಲ್ಲಿ ಒಬ್ಬ ತನ್ನ ತಂಗಿಯ ಮದುವೆಗೆ ಬಾರಿಸಲು ಬರುತ್ತೀರಾ ಎಂದು ಕೇಳಿದ್ದ. ಬರುತ್ತೇನೆ, ಆದರೆ ಮದುಮಗ ಓಡಿಹೋದರೆ ನನ್ನ ಕೇಳಬಾರದು ಎಂದೆ. ಅವನಿಗೆ ಅರ್ಥವಾಗಲಿಲ್ಲ.

ನಾವು ಗುರಿ ಹೊಡೆಯುವ ಜಾಗ ಒಂದು ಹಳೆಯ ಚಿರೇಕಲ್ಲಿನ ಕ್ವಾರಿ. ಮೂರು ಕಡೆ ಕೆಂಪು ಕಲ್ಲಿನ ಎತ್ತರದ ಗೋಡೆ, ಎದುರಿಗೆ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಕಟ್ಟಿಗೆಯ ಚೌಕಟ್ಟುಗಳು. ನೋಡಿಕೊಳ್ಳುವವರು ಸೈನ್ಯದಿಂದ ನಿವೃತ್ತರಾದ ಒಬ್ಬ ಗೋವೆಯವರು. ಎಲ್ಲರನ್ನೂ ಅವರು ಕೊಂಕಣಿಯ ಮರ್ಯಾದೆಯಲ್ಲಿ ‘ಬಾಬ್’ ಎಂದೇ ಕರೆಯುತ್ತಾರೆ. ಬಂದೂಕಿನ ಬಾಯಿ ಒಂದು ಗೇಣು ಅತ್ತಿತ್ತ ತಿರುಗಿದರೆ ಮಾತ್ರ ಬಾಬ್ ಅನ್ನುವುದಿಲ್ಲ, ಬೇರೆ ಏನೇನೋ ಅನ್ನುತ್ತಾರೆ.

ಹೊಸಬರಿಗೆ ಪಾಠ ಹೇಳುವ ಕೆಲಸವನ್ನು ಅವರು ನನಗೆ ಒಪ್ಪಿಸಿದ್ದರು. ನನಗೂ ಪಾಠ ಹೇಳುವುದೆಂದರೆ ಪ್ರೀತಿ, ಕೇಳುವುದೆಂದರೆ ಅಷ್ಟಕ್ಕಷ್ಟೇ. ಪಾಠ ಎರಡೇ.

ಮೊದಲನೆಯದು ಕಣ್ಣಿನದು. ದುರ್ಬೀನಿಲ್ಲದ ಬಂದೂಕಿನಲ್ಲಿ ಹಿಂದೆ ಒಂದು ಕಬ್ಬಿಣದ ಕಚ್ಚು ಇರುತ್ತದೆ, ನಳಿಕೆಯ ತುದಿಯಲ್ಲಿ ಒಂದು ಕಬ್ಬಿಣದ ಕಡ್ಡಿ. ಕಚ್ಚಿನ ನಡುವೆ ಕಡ್ಡಿ ನಿಲ್ಲಬೇಕು, ಎರಡರ ತಲೆಯೂ ಒಂದೇ ಮಟ್ಟದಲ್ಲಿರಬೇಕು, ಕಡ್ಡಿಯ ತಲೆಯ ಮೇಲೆ ಇಪ್ಪತ್ತೈದು ಮೀಟರ್ ಆಚೆಯ ಕರಿ ಚುಕ್ಕೆ ಕೂರಬೇಕು. ಈ ಮೂರನ್ನೂ ಒಮ್ಮೆಗೇ ಸ್ಪಷ್ಟವಾಗಿ ನೋಡುವ ಕಣ್ಣನ್ನು ದೇವರು ಯಾರಿಗೂ ಕೊಟ್ಟಿಲ್ಲ. ಹೊಸಬರು ಚುಕ್ಕೆಯನ್ನೇ ದಿಟ್ಟಿಸುತ್ತಾರೆ. ತಪ್ಪು. ಚುಕ್ಕೆ ಮಸುಕಾಗಿರಲಿ, ಹಿಂದಿನ ಕಚ್ಚೂ ಮಸುಕಾಗಿರಲಿ, ಮುಂದಿನ ಕಡ್ಡಿ ಮಾತ್ರ ಕೂದಲು ಎಣಿಸುವಷ್ಟು ಚೊಕ್ಕವಾಗಿ ಕಾಣಬೇಕು. ಕಡ್ಡಿ ಕಾಣದವನು ಏನು ಮಾಡಿದರೂ ವ್ಯರ್ಥ.

ಎರಡನೆಯದು ಗುಂಪಿನದು. ಎಲ್ಲ ಗುಂಡೂ ಒಂದೇ ಕಡೆ ಗುಂಪಾಗಿ ಬಿದ್ದರೆ, ಅದು ಕಾಗದದ ಮೂಲೆಯಲ್ಲೇ ಬಿದ್ದಿರಲಿ, ಹೊಡೆದವನ ಕಣ್ಣು, ಉಸಿರು, ಬೆರಳು ಸರಿಯಿವೆ ಎಂದರ್ಥ. ಹಿಂದಿನ ಕಚ್ಚನ್ನು ಒಂದೆರಡು ಗೆರೆ ಏರಿಸಿಯೋ ಇಳಿಸಿಯೋ ಸರಿಸಿಯೋ ಕೂರಿಸಿದರೆ ಗುಂಪು ನಡುವಿಗೆ ಬರುತ್ತದೆ. ಗುಂಡುಗಳು ದಿಕ್ಕಾಪಾಲಾಗಿ ಬಿದ್ದರೆ, ಅದರಲ್ಲಿ ಒಂದು ನಟ್ಟನಡುವೆಯೇ ಬಿದ್ದಿದ್ದರೂ, ಅದು ಹೊಡೆದದ್ದಲ್ಲ, ತಗುಲಿದ್ದು. ‘ಅಂಕಿ ನೋಡಬ್ಯಾಡ್ರಿ, ಮೊದಲ ಗುಂಪು ನೋಡ್ರಿ’ ಎಂದು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಇನ್ನು ನನ್ನ ಕಣ್ಣಿನ ಸಂಗತಿ.

ಮೂರು ವರ್ಷದ ಹಿಂದೆ ಕನ್ನಡಕ ಬದಲಿಸಲು ಹೋದಾಗ ಅಂಗಡಿಯಲ್ಲಿ ಪರೀಕ್ಷೆ ಮಾಡಿದವರು ಬಲಗಣ್ಣಿಗೆ ಪೊರೆ ಬರುತ್ತಿದೆ, ದೊಡ್ಡ ದವಾಖಾನೆಗೆ ತೋರಿಸಿ ಎಂದರು. ಆಯಿತು ಎಂದು ತಲೆಯಾಡಿಸಿ ಹೊರಗೆ ಬಂದು ಒಂದು ಕಪ್ಪು ಚಹಾ ಕುಡಿದು, ಆ ಮಾತನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಹೆಂಡತಿಗೆ ಹೇಳಲಿಲ್ಲ. ಯಾಕೆಂದರೆ ನನಗೆ ಹೆದರಿಕೆ. ನನ್ನ ಅಪ್ಪನ ಬಲಗಣ್ಣಿಗೂ ಇದೇ ಪೊರೆ ಬಂದು, ಆಪರೇಷನ್ ಆಗಿ, ಪಟ್ಟಿ ಬಿಚ್ಚಿದಾಗ ಆ ಕಣ್ಣು ಪೂರಾ ಹೋಗಿತ್ತು. ಕೊನೆಯವರೆಗೂ ಅವರು ತಾಟಿನ ಎಡಗಡೆಯ ಪಲ್ಯ ಮಾತ್ರ ಉಂಡರು, ಬಲಗಡೆಯದನ್ನು ನಾವು ತಿರುಗಿಸಿ ಇಡಬೇಕಿತ್ತು. ಈಗಿನ ಕಾಲ ಬೇರೆ, ಈಗ ಅರ್ಧ ತಾಸಿನ ಕೆಲಸ ಎಂಬುದೆಲ್ಲ ನನಗೆ ಗೊತ್ತು. ಗೊತ್ತಿದ್ದರೆ ಹೆದರಿಕೆ ಹೋಗುತ್ತದೆಯೇ? ಬಲಗಣ್ಣು ನನ್ನ ಗುರಿಯ ಕಣ್ಣು. ಇದ್ದಷ್ಟು ದಿನ ಇರಲಿ, ಕೆದಕುವುದು ಬೇಡ ಎಂದು ನಿಶ್ಚಯಿಸಿದೆ. ಕೆದಕಿದರೆ ಬಂದೂಕು ಹೋಗುತ್ತದೆ, ಕೆದಕದಿದ್ದರೆ ಉಳಿಯುತ್ತದೆ ಎಂಬ ಲೆಕ್ಕ ನನ್ನದು. ಆ ಲೆಕ್ಕ ತಪ್ಪೆಂದು ಕಾಗದದ ತೂತುಗಳು ವಾರವಾರವೂ ಹೇಳುತ್ತಿದ್ದವು.

ಗುಂಡು ಚೆದುರತೊಡಗಿದ ಮೇಲೆ ನಾನು ಒಂದೊಂದೇ ಕಾರಣ ಹುಡುಕಿದೆ. ತೋಟೆಗೆ ಮಳೆಗಾಲದ ಥಂಡಿ ಹಿಡಿದಿದೆ. ಹಿಡಿಕೆಯ ಬಿರುಕು ಹಿಗ್ಗಿದೆ. ಗಾಳಿ ಇದೆ. ಇಪ್ಪತ್ತೈದು ಮೀಟರಿಗೆ, ಮೂರು ಗೋಡೆಯ ಕ್ವಾರಿಯೊಳಗೆ, ಗಾಳಿ! ಅಗ್ಗದ ಬಂದೂಕಿನಿಂದ ಇನ್ನೇನು ನಿರೀಕ್ಷಿಸಬಹುದು ಎಂದೂ ಒಂದು ದಿನ ಮನೆಯಲ್ಲಿ ಅಂದೆ. ಹತ್ತು ವರ್ಷ ಹೊಗಳಿದ ಬಾಯಿಂದ ಅದನ್ನು ಕೇಳಿ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ತಲೆಯೆತ್ತಿದಳು.

‘ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ’ ಎಂದಳು.

ಅವಳು ಮನೆಯಲ್ಲೇ ಕುಬಸ ಹೊಲಿಯುತ್ತಾಳೆ. ಓಣಿಯ ಅರ್ಧ ಹೆಂಗಸರ ಕುಬಸ ಅವಳದೇ. ಯಂತ್ರದ ಸೂಜಿಗೆ ದಾರ ಪೋಣಿಸುವ ಕೆಲಸ ಮಾತ್ರ ಮೊದಲಿನಿಂದ ನನ್ನದು. ‘ಗುರಿ ಹೊಡಿಯೋ ಕಣ್ಣು, ನೀವ ಪೋಣಿಸ್ರಿ’ ಎಂದು ಕರೆಯುತ್ತಿದ್ದಳು, ನಾನೂ ಮೀಸೆ ತಿರುವಿಕೊಂಡು ಹೋಗಿ ಒಂದೇ ಯತ್ನಕ್ಕೆ ಪೋಣಿಸಿ ಬರುತ್ತಿದ್ದೆ. ಆ ವರ್ಷದಿಂದ ಅವಳು ಕರೆದಾಗಲೆಲ್ಲ ನನಗೆ ಏನಾದರೂ ತುರ್ತು ಕೆಲಸ ನೆನಪಾಗತೊಡಗಿತು.

ವಾರದ ದಿನಗಳಲ್ಲಿ ಕ್ವಾರಿಗೆ ಹೋಗಲಾಗದು, ಅದಕ್ಕೆ ಮನೆಯಲ್ಲೇ ಖಾಲಿ ಬಂದೂಕಿನಿಂದ ಗುರಿ ಹಿಡಿಯುವ ಅಭ್ಯಾಸ ಇಟ್ಟುಕೊಂಡಿದ್ದೆ. ಬೋಲ್ಟು ತೆಗೆದು ಬೇರೆ ಕಪಾಟಿನಲ್ಲಿ ಬೀಗ ಹಾಕಿಟ್ಟಿರುತ್ತೇನೆ. ಅದಿಲ್ಲದ ಬಂದೂಕು ಒಂದು ಕೊಳವೆ ಅಷ್ಟೇ. ಮಲಗುವ ಕೋಣೆಯ ಬಿಳಿ ಗೋಡೆಗೆ ಹೆಂಡತಿಯ ಒಂದು ಕೆಂಪು ಟಿಕಳಿ, ಹಣೆಗೆ ಅಂಟಿಸಿಕೊಳ್ಳುವ ಆ ಸಣ್ಣ ಬೊಟ್ಟು, ಅಂಟಿಸಿ ಅದರ ಮೇಲೆ ಗುರಿ. ಬೆಳಿಗ್ಗೆ ಸ್ನಾನಕ್ಕೆ ಮೊದಲು ಹತ್ತು ನಿಮಿಷ, ಉಸಿರು ಬಿಟ್ಟು, ಅರ್ಧಕ್ಕೆ ಹಿಡಿದು, ಕಡ್ಡಿಯ ಮೇಲೆ ಟಿಕಳಿ ಕೂರಿಸಿ. ಅವಳು ಬಾಗಿಲಲ್ಲಿ ನಿಂತು ನೋಡಿ ನಗುತ್ತಿದ್ದಳು. ನಾನು ಅವಳಿಗೂ ಪಾಠ ಹೇಳುತ್ತಿದ್ದೆ: ‘ಮುಂದಿನ ಕಡ್ಡಿ ಕಾಣಬೇಕು, ತಿಳೀತಿಲ್ಲ? ಕಡ್ಡಿ ಕಂಡ್ರ ಎಲ್ಲಾ ಕಂಡಂಗ.’ ಅವಳು ‘ಹೌದ್ರಿ ಮಾಸ್ತರ’ ಎಂದು ಒಳಗೆ ಹೋಗುತ್ತಿದ್ದಳು.

ಹೋದ ವರ್ಷದ ಖಂಡೇನವಮಿ. ನಮ್ಮ ಕಡೆಯವರು ಎಲ್ಲಿಗೆ ಹೋದರೂ ನವಮಿಯ ದಿನ ಕೈಗೆ ಅನ್ನ ಕೊಡುವ ಸಾಮಾನನ್ನೆಲ್ಲ ತೊಳೆದು, ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಅಂದು ಅವನ್ನು ಬಳಸುವ ಹಾಗಿಲ್ಲ. ನಮ್ಮ ಓಣಿಯಲ್ಲಿ ಆ ದಿನ ಗಾರೆಯವರ ಕರಣಿ, ಬಡಿಗರ ಗರಗಸ, ಡ್ರೈವರರ ಗಾಡಿ, ಬೀಚಿನಲ್ಲಿ ಮಣಿಸರ ಮಾರುವವರ ಬುಟ್ಟಿ, ಎಲ್ಲಕ್ಕೂ ಬೊಟ್ಟು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರ, ಕತ್ತರಿ, ಈಳಿಗೆ, ಮಿಕ್ಸರು, ನನ್ನ ಸ್ಕೂಟರು, ಕಚೇರಿಯ ಲ್ಯಾಪ್‌ಟಾಪು. ಅವುಗಳ ನಡುವೆ, ಸೀರೆ ಹಾಸಿದ ಮಣೆಯ ಮೇಲೆ, ನನ್ನ ಬಂದೂಕು. ಹತ್ಯಾರದ ಹಬ್ಬಕ್ಕೆ ಮನೆಯಲ್ಲಿ ಒಂದು ಖರೇ ಹತ್ಯಾರ ಇದೆ ಎಂದು ನನಗೊಂದು ಜಂಬ. ಚೀಲದಿಂದ ತೆಗೆದು ಅವಳ ಕೈಗೆ ಕೊಟ್ಟು ನಾನು ಸ್ನಾನಕ್ಕೆ ಹೋಗಿದ್ದೆ.

ಅದರ ಮುಂದಿನ ಭಾನುವಾರ ಕ್ವಾರಿಯಲ್ಲಿ ನಮ್ಮೊಳಗಿನ ದಸರಾ ಪಂದ್ಯ. ಇನಾಮೆಂದರೆ ಒಂದು ತೆಂಗಿನಕಾಯಿ ಮತ್ತು ಒಂದು ಪೊಟ್ಟಣ ಲಾಡು. ಆದರೆ ಪ್ರತಿ ವರ್ಷ ಮೊದಲ ಮೂವರೊಳಗೆ ನಾನಿರುತ್ತಿದ್ದೆ. ಬಂದೂಕಿನ ಮೇಲಿನ ವಿಭೂತಿ ಕುಂಕುಮವನ್ನು ಅವಸರದಲ್ಲಿ ಒರೆಸಿ, ಎಣ್ಣೆ ಬಟ್ಟೆ ಆಡಿಸಿ ಹೊರಟೆ. ಮಲಗಿದೆ, ಗುರಿ ಹಿಡಿದೆ. ಅಂದು ಬೆಳಕು ಬಹಳ ಚೆನ್ನಾಗಿದೆ ಅನ್ನಿಸಿತು. ಎಷ್ಟೋ ತಿಂಗಳ ಮೇಲೆ ಕಡ್ಡಿ ದಪ್ಪಗೆ, ಗಟ್ಟಿಯಾಗಿ ಎದುರಿಗೆ ನಿಂತಿತ್ತು. ಆಹಾ, ಕಣ್ಣು ಸುಧಾರಿಸಿತು, ಸುಮ್ಮನೆ ಬಿಟ್ಟದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಹತ್ತು ಗುಂಡೂ ಮನಸ್ಸಿಗೆ ಒಪ್ಪುವಂತೆ ಹಾರಿದವು.

ಕಾಗದ ಬಂದಾಗ ನೋಡಿದರೆ ಕರಿ ಚುಕ್ಕೆಯೊಳಗೆ ಒಂದೂ ಇಲ್ಲ. ಎಲ್ಲ ಕೆಳಗೆ, ಬಿಳಿ ಜಾಗದಲ್ಲಿ. ಕೂಡಿಸಿದಾಗ ನಾನು ಎಲ್ಲರಿಗಿಂತ ಕೊನೆ. ಹಿಂದಿನ ತಿಂಗಳಷ್ಟೇ ನನ್ನ ಹತ್ತಿರ ಪಾಠ ಕಲಿತವರೊಬ್ಬರು ತೆಂಗಿನಕಾಯಿ ಹಿಡಿದುಕೊಂಡು ಹಲ್ಲು ಕಿಸಿಯುತ್ತಿದ್ದರು. ಸಿಟ್ಟಿನಿಂದ ಬಂದೂಕು ಎತ್ತಿ ನೋಡಿದೆ. ಮುಂದಿನ ಕಡ್ಡಿಯ ತಲೆಯ ಮೇಲೆ, ಕಡ್ಡಿಯಷ್ಟೇ ಅಗಲಕ್ಕೆ, ಎಣ್ಣೆಯಲ್ಲಿ ಕಲಸಿದ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ, ಚಾಕುವಿನ ತುದಿಯಿಂದ ಕೆತ್ತಬೇಕಾಯಿತು. ಕಡ್ಡಿ ಒಂದಿಷ್ಟು ಎತ್ತರವಾದರೆ ನಳಿಕೆ ಅಷ್ಟು ತಗ್ಗುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಕಾರಣ ಸಿಕ್ಕಿತು.

ಕ್ವಾರಿಯ ಆ ನಿವೃತ್ತ ಸೈನಿಕರು ನನ್ನ ಕಾಗದವನ್ನು ಹಿಡಿದುಕೊಂಡು ಬಂದು, ಬೆರಳು ತೋರಿಸಿ, ‘ಆರೆ ಬಾಬ್, ಮಾತ್ಶೆಂ ಪಳಯ್’ ಎಂದರು, ಸ್ವಲ್ಪ ನೋಡು ಎಂದು. ನೋಡುವುದೇನಿದೆ? ಅವರ ಕೈಯಿಂದ ಕಾಗದ ಕಿತ್ತುಕೊಂಡು ಮಡಚಿ ಚೀಲದ ಅಡಿಗೆ ತುರುಕಿ, ಯಾರಿಗೂ ಹೇಳದೆ ಹೊರಟುಬಿಟ್ಟೆ.

ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದೆ. ಅವಳು ಮಧ್ಯಾಹ್ನದ ರೊಟ್ಟಿ ಬಡಿಯುತ್ತಿದ್ದಳು. ‘ನಿನಗ ಬುದ್ಧಿ ಐತೇನು? ಕಣ್ಣು ಮುಚ್ಚಿ ಸಿಕ್ಕಿದ್ದಕ್ಕೆಲ್ಲಾ ಕುಂಕುಮ ಬಡಿಯೋದಾ? ಮಂದ್ಯಾಗ ಮಾನ ಹೋತು ನಂದು. ಇನ್ನಮ್ಯಾಲೆ ನನ್ನ ಬಂದೂಕಿಗೆ ಕೈ ಹಚ್ಚಬ್ಯಾಡ, ನೋಡು.’ ಇನ್ನೂ ಏನೇನೋ ಅಂದೆ. ಬರೆಯಲು ನಾಚಿಕೆಯಾಗುತ್ತದೆ.

ಸಾಮಾನ್ಯವಾಗಿ ಒಂದಕ್ಕೆರಡು ಉತ್ತರ ಕೊಡುವವಳು ಅಂದು ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು. ಬಲಗಣ್ಣನ್ನು ನೋಡಿದಳು ಎಂದು ಈಗ ಅನ್ನಿಸುತ್ತದೆ. ‘ಆತು ಬಿಡ್ರಿ, ಹಚ್ಚೂದಿಲ್ಲ’ ಎಂದು ರೊಟ್ಟಿ ತಿರುವಿದಳು.

ಆಮೇಲೆ ಒಂದು ವರ್ಷ ಕಡ್ಡಿ ಶುದ್ಧವಾಗಿತ್ತು. ಎಣ್ಣೆಯಿಲ್ಲ, ಕುಂಕುಮವಿಲ್ಲ, ಒಂದು ಚೂರು ಧೂಳಿಲ್ಲ. ಗುಂಡುಗಳು ಮಾತ್ರ ಜಾತ್ರೆಯಲ್ಲಿ ಕೈಬಿಟ್ಟ ಮಕ್ಕಳ ಹಾಗೆ ಚೆದುರಿದವು. ಕಡ್ಡಿ ಇದೆ ಎಂದು ಗೊತ್ತು, ಆದರೆ ಅದು ಹೊಗೆಯೊಳಗೆ ನಿಂತ ಹಾಗೆ. ಕೆಲವೊಮ್ಮೆ ಎರಡಾಗಿ ಕಾಣುತ್ತಿತ್ತು. ಎರಡರಲ್ಲಿ ಯಾವುದು ನಿಜವೆಂದು ಊಹಿಸಿ ಬೆರಳಿನಿಂದ ಬಂದೂಕಿನ ಕುದುರೆ ಎಳೆಯುತ್ತಿದ್ದೆ. ಹೊಸಬರಿಗೆ ಪಾಠ ಹೇಳುವುದನ್ನು ನಾನಾಗಿಯೇ ಬಿಟ್ಟೆ. ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಚೀಟಿ ತರಬೇಕು. ಬೇರೆ ವರ್ಷ ನಾನು ಗೊಣಗಿಕೊಂಡು, ಹತ್ತು ಸಲ ಎಣ್ಣೆ ಹಚ್ಚಿ, ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಕೊಟ್ಟುಬರುತ್ತಿದ್ದೆ. ಈ ಸಲ ಮೊದಲ ದಿನವೇ ಕೊಟ್ಟು, ವಾಪಸು ತರಲು ಒಂದು ತಿಂಗಳು ತಡ ಮಾಡಿದೆ. ಬಂದೂಕು ಇಲ್ಲದ ಭಾನುವಾರ ಯಾರೂ ನನ್ನ ಕಾಗದ ಎಣಿಸುವುದಿಲ್ಲವಲ್ಲ, ಆ ಸಮಾಧಾನ.

ಈ ವರ್ಷದ ಖಂಡೇನವಮಿ ಬಂತು. ಸ್ನಾನ ಮಾಡಿ ಬಂದು ದೇವರ ಮುಂದೆ ನೋಡಿದರೆ ಸಾಲು ಸಿದ್ಧವಾಗಿದೆ. ಹೊಲಿಗೆ ಯಂತ್ರಕ್ಕೆ ಮಾಲೆ, ಈಳಿಗೆಗೆ ಬೊಟ್ಟು, ಕತ್ತರಿ, ಮಿಕ್ಸರು, ಲ್ಯಾಪ್‌ಟಾಪು. ಹೊಸದಾಗಿ ತಂದ ಇಸ್ತ್ರಿ ಪೆಟ್ಟಿಗೆಯೂ ಸೀರೆಯ ಮೇಲೆ ಏರಿ ಕೂತಿದೆ. ಬಂದೂಕಿಲ್ಲ. ಅದರ ಜಾಗವೂ ಇಲ್ಲ. ಉಳಿದವನ್ನೆಲ್ಲ ಒತ್ತೊತ್ತಾಗಿ ಸರಿಸಿ ಜಾಗ ತುಂಬಿಸಿದ್ದಳು. ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಳು, ಅಷ್ಟೇ. ಆದರೂ ನಾನು ಆ ಸಾಲನ್ನು ಎರಡು ಸಲ ಎಣಿಸಿದೆ. ಇಸ್ತ್ರಿ ಪೆಟ್ಟಿಗೆಗಿಂತಲೂ ಕಡೆಯಾಯಿತೇ? ಹಾಗೆ ಮಾಡಿದವನು ನಾನೇ ಎಂದು ಗೊತ್ತಿದ್ದರೂ ಅವಳ ಮೇಲೇ ಮುನಿಸು ಬಂತು. ನನ್ನ ಸ್ವಭಾವವೇ ಅಂಥದ್ದು.

ಒಳಗೆ ಹೋಗಿ ಚೀಲ ತೆಗೆದೆ. ನಾನೇ ಒರೆಸಿ ಇಡುತ್ತೇನೆ ಎಂದು ಎಣ್ಣೆ ಬಟ್ಟೆ ಹುಡುಕಿದೆ. ಅಡಿಯಲ್ಲಿ ಕೈಗೆ ಮಡಚಿದ ಕಾಗದ ಸಿಕ್ಕಿತು. ಹೋದ ವರ್ಷದ ದಸರಾ ಪಂದ್ಯದ್ದು. ಅಂದು ತುರುಕಿದ ಮೇಲೆ ಬಿಚ್ಚಿಯೇ ನೋಡಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ, ಎಡಗಣ್ಣಿನಿಂದ ನೋಡಿದೆ.

ಹತ್ತು ತೂತು. ಕರಿ ಚುಕ್ಕೆಯ ಎರಡು ಬೆರಳು ಕೆಳಗೆ, ಒಂದರ ಮೈಮೇಲೆ ಒಂದು ಬಿದ್ದು, ಕಾಗದ ಅಲ್ಲಿ ಹರಿದೇ ಹೋಗಿತ್ತು. ಹೆಬ್ಬೆರಳಿಟ್ಟು ನೋಡಿದೆ. ಎಂಟು ಉಗುರಿನ ಕೆಳಗೆ ಮುಚ್ಚಿಹೋದವು, ಎರಡು ಮಾತ್ರ ಪಕ್ಕಕ್ಕೆ ಇಣುಕಿದವು. ಹನ್ನೆರಡು ವರ್ಷದಲ್ಲಿ ನಾನು ಅಷ್ಟು ಬಿಗಿಯಾದ ಗುಂಪು ಯಾವತ್ತೂ ಹೊಡೆದಿರಲಿಲ್ಲ.

ಹಾಸಿಗೆಯ ಮೇಲೆ ಕೂತುಬಿಟ್ಟೆ. ಅಂಕಿ ನೋಡಬೇಡಿ, ಗುಂಪು ನೋಡಿ ಎಂದು ಊರಿಗೆಲ್ಲ ಹೇಳಿದವನು ನಾನು. ಆ ಸೈನಿಕರು ಸ್ವಲ್ಪ ನೋಡು ಎಂದು ಬೆರಳಿಟ್ಟು ತೋರಿಸಿದ್ದು ಇದನ್ನೇ. ಹಿಂದಿನ ಕಚ್ಚನ್ನು ಎರಡು ಗೆರೆ ಏರಿಸಿದ್ದರೆ ಸಾಕಿತ್ತು, ಅಷ್ಟೂ ನಡುವಿಗೆ ಬರುತ್ತಿದ್ದವು. ಅಂದು ಬೆಳಕು ಚೆನ್ನಾಗಿರಲಿಲ್ಲ, ಕಣ್ಣೂ ಸುಧಾರಿಸಿರಲಿಲ್ಲ. ಕೆಂಪು ಕುಂಕುಮ ಇದ್ದುದರಿಂದ ಕಡ್ಡಿ ಕಂಡಿತ್ತು. ಅದನ್ನೇ ನಾನು ಚಾಕುವಿನಿಂದ ಕೆತ್ತಿ ಒಗೆದಿದ್ದೆ.

ಆಗ ಇನ್ನೊಂದು ಅನುಮಾನ ಬಂತು. ನಳಿಕೆಗೆ ಬೆರಳಿನಿಂದ ಹಚ್ಚಿದ ಕುಂಕುಮ ಅಗಲಕ್ಕೆ ಹರಡಿತ್ತು. ಕಡ್ಡಿಯ ಮೇಲಿನದು ಮಾತ್ರ ಅಳೆದು ಇಟ್ಟ ಹಾಗಿತ್ತು. ಬೆರಳಿನ ತುದಿಗೆ ಅಷ್ಟು ಸಣ್ಣದಾಗಿ ಇಡಲು ಬರುವುದಿಲ್ಲ.

ಕಾಗದ ಹಿಡಿದು ಅಡುಗೆಮನೆಗೆ ಹೋದೆ. ಅವಳು ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಮಿಕ್ಸರು ಪೂಜೆಗೆ ಕೂತಿತ್ತಲ್ಲ, ಕಲ್ಲಿನಲ್ಲೇ ರುಬ್ಬಬೇಕು.

‘ಹ್ವಾದ ವರ್ಷ ಮುಂದಿನ ಕಡ್ಡಿಗೆ ಕುಂಕುಮ ಯಾತರಲೇ ಹಚ್ಚಿದ್ದಿ?’ ಎಂದೆ.

ಅವಳು ರುಬ್ಬುವುದನ್ನು ನಿಲ್ಲಿಸಲಿಲ್ಲ. ‘ಕಡ್ಡಿಪೆಟ್ಟಿಗಿ ಕಡ್ಡಿಲೆ.’

‘ಯಾಕ?’

‘ನಿಮಗ ಕಾಣವಲ್ದಾಗಿತ್ತಲ್ರಿ.’

‘ಯಾರು ಹೇಳಿದ್ರು ನಿನಗ?’

‘ಯಾರ್ಯಾಕ ಹೇಳಬೇಕು? ಸೂಜಿಗೆ ದಾರ ಅಂದ್ರ ಓಡಿ ಹೊಕ್ಕಿದ್ರಿ. ಮತ್ತ ಆ ಗ್ವಾಡಿ ಮ್ಯಾಲಿನ ಟಿಕಳಿ...’ ಎಂದು ಈಗ ಕೈ ನಿಲ್ಲಿಸಿದಳು. ‘ಅದು ಬಿದ್ದು ಹೋಗಿ ಮೂರು ದಿನ ಆಗಿತ್ರಿ. ಕಸ ಹೊಡಿಯೋ ಮುಂದ ನನಗ ಸಿಕ್ಕಿತ್ತು. ನೀವು ಮೂರೂ ದಿನ ಬರೇ ಗ್ವಾಡಿಗೆ ಗುರಿ ಹಿಡಿಯಾಕತ್ತಿದ್ರಿ. ಇವತ್ತ ಚಲೋ ಕುಂತೈತಿ ಅಂತ ನನಗ ಹೇಳಿದ್ರಿ ಬ್ಯಾರೆ.’

ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು. ಎರಡೂ ಇರಬೇಕು. ಬಾಗಿಲಿನ ಚೌಕಟ್ಟು ಹಿಡಿದು ನಿಂತೆ.

‘ಅವತ್ತ ಹೇಳಬೇಕಿಲ್ಲ? ನಾ ಅಷ್ಟು ಒದರಾಡಿದೆ.’

‘ಹೇಳಾಕ ಬಿಟ್ಟೀರೇನು? ಮತ್ತ... ನೀವ ಮುಚ್ಚಿಟ್ಟಿದ್ದು, ನೀವ ಬಾಯಿ ಬಿಡ್ಲಿ ಅಂತ ಸುಮ್ನಿದ್ದೆ. ಮಾವನವರ ಕಣ್ಣಿನ ಸುದ್ದಿ ನನಗ ಗೊತ್ತಿಲ್ಲೇನು? ಅವರ ತಾಟು ತಿರುಗಿಸಿ ಇಟ್ಟಾಕಿ ನಾನ ಅಲ್ಲ?’ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಒಂದ ವರ್ಷ ಆತ್ರಿ. ನೀವು ಮೆಟ್ಟಲಾ ಇಳಿಯೋ ಮುಂದೆಲ್ಲಾ ನನ್ನ ಜೀವ ಕೈಯಾಗ.’

ನನ್ನ ಕಣ್ಣು, ನನ್ನ ಬಂದೂಕು, ನನ್ನ ಮಾನ ಎಂದು ನಾನು ಒಬ್ಬನೇ ಹೊತ್ತುಕೊಂಡಿದ್ದೆ ಎಂದುಕೊಂಡಿದ್ದೆನಲ್ಲ, ಅದೇ ಭಾರವನ್ನು ಅವಳು ನನಗೆ ತಿಳಿಯದ ಹಾಗೆ ಇನ್ನೊಂದು ತುದಿಯಿಂದ ಎತ್ತಿಕೊಂಡು ನಡೆದಿದ್ದಳು. ಅದರ ಮೇಲೆ ನನ್ನ ಬೈಗುಳ ಬೇರೆ. ಆ ಹೊತ್ತಿಗೆ ಆದಷ್ಟು ನಾಚಿಕೆ ನನಗೆ ಜೀವನದಲ್ಲಿ ಬೇರೆ ಯಾವಾಗಲೂ ಆಗಿಲ್ಲ.

ಮರುದಿನ ದಸರೆ. ನಮ್ಮಲ್ಲಿ ಬನ್ನಿ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುತ್ತೇವೆ. ಇಲ್ಲಿನವರು ಬೇರೆ ಎಲೆ ಕೊಟ್ಟು ಅದಕ್ಕೇ ಚಿನ್ನವೆನ್ನುತ್ತಾರೆ. ಸಡಾದಲ್ಲಿ ಎರಡೂ ಎಲೆ ಮನೆಮನೆಗೆ ಓಡಾಡುತ್ತವೆ. ಸಣ್ಣವರು ದೊಡ್ಡವರಿಗೆ ಕೊಟ್ಟು ಕಾಲು ಮುಟ್ಟುವುದು ರೂಢಿ, ಆ ದಿನ ಹಳೆಯ ಜಗಳಗಳನ್ನೂ ಎಲೆಯ ಜೊತೆಗೆ ಕೊಟ್ಟು ಮುಗಿಸುತ್ತಾರೆ. ಅವಳು ಎಲೆ ಹಿಡಿದು ನನ್ನ ಹತ್ತಿರ ಬರುವ ಮೊದಲೇ ನಾನು ಎದ್ದು ಅವಳ ಕೈಗೆ ಬನ್ನಿ ಇಟ್ಟೆ. ‘ತಪ್ಪಾತು’ ಎಂದೆ. ಇನ್ನೂ ಉದ್ದದ ಮಾತು ಕಟ್ಟಿಕೊಂಡಿದ್ದೆ, ಬಾಯಿಂದ ಬಂದದ್ದು ಅದೊಂದೇ.

‘ಉಲ್ಟಾ ಆತಲ್ರಿ’ ಎಂದು ನಕ್ಕಳು. ‘ಇನ್ನ ಕಾಲು ಗೀಲು ಮುಟ್ಟೀರಿ ಮತ್ತ. ಅದೆಲ್ಲಾ ಬ್ಯಾಡ, ಸೋಮವಾರ ಕಣ್ಣಿನ ದವಾಖಾನಿಗೆ ನಡೀರಿ. ನಾನೂ ಬರ್ತೀನಿ.’

‘ಬರ್ತೀನಿ’ ಎಂದೆ. ಹೆದರಿಕೆ ಹೋಗಿರಲಿಲ್ಲ, ಈಗಲೂ ಇದೆ. ಆದರೆ ಪೊರೆ ತೆಗೆದರೆ ಕಣ್ಣು ಹೋಗಬಹುದು ಎಂಬ ಹೆದರಿಕೆಗಿಂತ, ತೆಗೆಯದಿದ್ದರೆ ಬರೀ ಗೋಡೆಗೆ ಗುರಿ ಹಿಡಿದು ಚೆನ್ನಾಗಿ ಕುಂತಿದೆ ಎನ್ನುತ್ತಲೇ ಇರುತ್ತೇನೆ ಎಂಬ ಹೆದರಿಕೆ ಈಗ ದೊಡ್ಡದಾಗಿತ್ತು.

ಆಮೇಲೆ ಚೀಲದಿಂದ ಬಂದೂಕು ತೆಗೆದು ಹೊರಗಿನ ಕೋಣೆಗೆ ತಂದೆ. ‘ನಿನ್ನಿ ಪೂಜಿ ಉಳದೈತಿ’ ಎಂದೆ. ಅವಳು ನನ್ನನ್ನೊಮ್ಮೆ, ಬಂದೂಕನ್ನೊಮ್ಮೆ ನೋಡಿ ಒಳಗೆ ಹೋಗಿ, ಡಬ್ಬಿಯ ಮುಚ್ಚಳದಲ್ಲಿ ಕುಂಕುಮ ಹಾಕಿ, ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಕಡ್ಡಿಪೆಟ್ಟಿಗೆಯ ಒಂದು ಕಡ್ಡಿಯಿಂದ ಕಲಸುತ್ತ ಬಂದಳು. ಕಿಟಕಿಯ ಪಕ್ಕ ಕೂತೆವು. ಕೆಳಗೆ ಬಂದರಿನಲ್ಲಿ ಒಂದು ಹಡಗು ಕೂಗಿತು. ನಾನು ನಳಿಕೆಯ ತುದಿಯನ್ನು ಅವಳ ಕಡೆಗಲ್ಲ, ಗೋಡೆಯ ಕಡೆ ತಿರುಗಿಸಿ ಎರಡೂ ಕೈಯಲ್ಲಿ ಹಿಡಿದೆ. ಖಾಲಿ ಕೊಳವೆಯಾದರೂ ಅಭ್ಯಾಸ ಅಭ್ಯಾಸವೇ.

‘ಮೊದಲಿನ್ಕಿಂತ ತೆಳ್ಳಗ ಹಚ್ಚಲ್ಯಾ?’ ಎಂದಳು.

‘ಬ್ಯಾಡ, ಮೊದಲಿನಷ್ಟ ಹಚ್ಚು. ಹಿಂದಿನ ಕಚ್ಚು ನಾ ಏರಿಸ್ಕೋತೀನಿ.’

ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿ, ಉಸಿರು ಹಿಡಿದು, ಬೆಂಕಿಕಡ್ಡಿಯನ್ನು ಕಬ್ಬಿಣದ ಕಡ್ಡಿಯ ಹತ್ತಿರ ತಂದಳು. ‘ಅಲ್ಲಾಡಿಸಬ್ಯಾಡ್ರಿ’ ಎಂದಳು. ಉಸಿರು ಹೇಗೆ ಹಿಡಿಯಬೇಕು, ಕೈ ಹೇಗೆ ಕಲ್ಲಿನಂತಿರಬೇಕು ಎಂದು ಇಷ್ಟು ವರ್ಷ ಪಾಠ ಹೇಳಿದ ನಾನು ಹಲ್ಲು ಕಚ್ಚಿ ಹಿಡಿದಿದ್ದೆ, ಆದರೂ ನಳಿಕೆ ನಡುಗುತ್ತಿತ್ತು. ಅವಳು ಇನ್ನೇನೂ ಹೇಳದೆ ಎಡಗೈಯಿಂದ ನನ್ನ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು ಕಡ್ಡಿಯ ತಲೆಗೆ ಕುಂಕುಮ ಇಟ್ಟಳು.